ಇಳಿಜಾರಿನ ನಡುವೆ ಒಂದು ಮೆಟ್ಟಿಲು

ಜನವರಿ 9

ಅಕ್ಕಾ,

ಸ್ವೆಟರ್ ತಲುಪಿತು. ತೋಳು ಎಷ್ಟು ಉದ್ದವೆಂದರೆ ಕೈಗಳೆರಡೂ ಒಳಗೇ ಮಾಯ. ಪೆನ್ನು ಹಿಡಿಯುವಾಗ ಮಾತ್ರ ಹೊರಗೆ ತೆಗೆಯುತ್ತೇನೆ. ಬೆಟ್ಟದ ಮೇಲೆ ಫೋನು ಸಿಗುವುದಿಲ್ಲ ಎಂದು ದೂರಬೇಡ. ನಿನ್ನ ಫೋನಾದರೂ ಯಾವಾಗಲೂ ಫೌಂಡ್ರಿ ಗೇಟಿನ ಪೆಟ್ಟಿಗೆಯಲ್ಲೇ ಇರುತ್ತದೆ. ಬುಧವಾರದ ಜೀಪು ತರಕಾರಿ ತರುತ್ತದೆ, ಕಾಗದ ಒಯ್ಯುತ್ತದೆ. ಅಷ್ಟು ಸಾಕು.

ಒಂದು ಸುದ್ದಿಯಿದೆ. ನಾಲ್ಕು ವರ್ಷದಿಂದ ಒಂದೇ ಗ್ಯಾಲಕ್ಸಿಯನ್ನು ನೋಡುತ್ತಾ ಕೂತಿದ್ದಾಳೆ ಅಂತ ನೀನು ಕಂಡವರ ಹತ್ತಿರವೆಲ್ಲ ನಗುತ್ತೀಯಲ್ಲ, ಅದರೊಳಗೆ ಏನೋ ಸಿಕ್ಕಿದೆ.

ನಮ್ಮ ಹಳೇ ಅಡುಗೆಮನೆಯ ಗೋಡೆ ನೆನಪಿಸಿಕೋ. ಒಲೆಯ ಹತ್ತಿರ ಮಸಿ ದಟ್ಟ, ಬಾಗಿಲ ಕಡೆಗೆ ಹೋದ ಹಾಗೆ ತೆಳು. ಗ್ಯಾಲಕ್ಸಿಯೂ ಹಾಗೇ. ನಡುಭಾಗದಲ್ಲಿ ನಕ್ಷತ್ರಗಳು ತಲೆಮಾರಿನ ಮೇಲೆ ತಲೆಮಾರು ಹುಟ್ಟಿ, ಉರಿದು, ಸತ್ತು, ತಮ್ಮ ಬೂದಿಯನ್ನು ಸುತ್ತಲಿನ ಅನಿಲದ ಮೋಡಗಳಿಗೆ ಬೆರೆಸಿವೆ. ಆ ಬೂದಿಯಲ್ಲಿ ಆಮ್ಲಜನಕ, ಕಬ್ಬಿಣ ಎಲ್ಲ ಇರುತ್ತವೆ. ನಾವು ಒಟ್ಟಾಗಿ ಅವನ್ನು ಲೋಹ ಅನ್ನುತ್ತೇವೆ. ಅಂಚಿಗೆ ಹೋದಂತೆ ಲೋಹ ಕಡಿಮೆ, ಒಂದು ಸಲೀಸಾದ ಇಳಿಜಾರು. ಆದರೆ ನನ್ನ ಗ್ಯಾಲಕ್ಸಿಯಲ್ಲಿ ಅರ್ಧದಾರಿಗೆ ಅದು ದಡಕ್ಕನೆ ಇಳಿಯುತ್ತದೆ. ಮೆಟ್ಟಿಲು! ಗೋಡೆಯ ಮಸಿ ನಡುವೆ ಗೆರೆ ಎಳೆದ ಹಾಗೆ ನಿಂತರೆ ಏನರ್ಥ? ಯಾವಾಗಲೋ ಯಾರೋ ಆಚೆಯ ಅರ್ಧಕ್ಕೆ ಸುಣ್ಣ ಬಳಿದಿದ್ದಾರೆ ಅಂತ. ಅಂದರೆ ಸುಮಾರು ಮುನ್ನೂರು ಕೋಟಿ ವರ್ಷದ ಹಿಂದೆ ಹೊರಗಿನಿಂದ ಲೋಹವಿಲ್ಲದ ಹೊಸ ಅನಿಲ ಬಂದು ಅಂಚಿನ ಮೇಲೆ ಸುರಿದಿದೆ.

ನನ್ನ ಗೈಡ್ ಸರ್ ಮೂವತ್ತು ವರ್ಷದಿಂದ ಹೀಗೇ ಆಗಿರಬೇಕು ಅನ್ನುತ್ತಿದ್ದರು, ಯಾರೂ ನಂಬುತ್ತಿರಲಿಲ್ಲ. ಮಾರ್ಚ್ ಇಪ್ಪತ್ತಕ್ಕೆ ದೊಡ್ಡ ಸಭೆಯಲ್ಲಿ ಅವರು ಇದನ್ನು ಮಂಡಿಸುತ್ತಾರೆ. ಅದು ನಡೆದರೆ ನನ್ನ ಕೆಲಸ ಇನ್ನೆರಡು ವರ್ಷ ಮುಂದುವರಿಯುತ್ತದೆ. ಇಲ್ಲವಾದರೆ ಜೂನ್ ಕೊನೆಗೆ ಗಂಟುಮೂಟೆ ಕಟ್ಟಬೇಕು.

ಖುಷಿಯಾಗಿದೆ. ಆದರೂ ಪೂರ್ತಿ ನಂಬಿಕೆ ಬರುತ್ತಿಲ್ಲ ಕಣೇ. ಇಷ್ಟು ಚೆನ್ನಾಗಿರುವುದು ನನಗೆ ಹೇಗೆ ಸಿಕ್ಕಿತು? ನೀನೂ ದಿನವಿಡೀ ಅಳೆಯುವವಳೇ ಅಲ್ಲವಾ, ಏನಾದರೂ ಹೇಳು.

ನಿನ್ನ ಗುಬ್ಬಿ


ಜನವರಿ 20

ಗುಬ್ಬೀ,

ಆಮ್ಲಜನಕವನ್ನು ಲೋಹ ಅನ್ನುವವರನ್ನು ನಮ್ಮ ಲ್ಯಾಬಿನ ಹೊಸ್ತಿಲು ದಾಟಲೂ ಬಿಡುವುದಿಲ್ಲ. ಇದಕ್ಕಾಗಿಯೇ ನಿನ್ನನ್ನು ಇಷ್ಟು ಓದಿಸಿದೆವಾ?

ಅರ್ಧ ಗೋಡೆಗೆ ಸುಣ್ಣ ಬಳಿದಿದ್ದಾರೆ ಅಂದೆ. ಆಗಿರಬಹುದು. ಅಥವಾ ಆ ಅರ್ಧ ನೋಡುವಾಗ ನೀನು ಬೇರೆ ಕನ್ನಡಕ ಹಾಕಿಕೊಂಡಿದ್ದೆಯೋ ಏನೋ.

ನನ್ನ ಕೆಲಸ ನಿನಗೆ ಗೊತ್ತು. ಫರ್ನೇಸಿನಲ್ಲಿ ಗುಜರಿ ಕರಗಿದ ಮೇಲೆ ಮೇಸ್ತ್ರಿ ಒಂದು ಸೌಟು ಉಕ್ಕನ್ನು ಅಚ್ಚಿಗೆ ಸುರಿದು ಬಿಲ್ಲೆ ಮಾಡಿ ಕಳಿಸುತ್ತಾರೆ. ನಾನು ಅದನ್ನು ಉಜ್ಜಿ ಮೆಷಿನ್ನಿಗೆ ಇಟ್ಟು ಕಿಡಿ ಹೊಡೆಸುತ್ತೇನೆ. ಕಿಡಿಯ ಬೆಳಕು ನೋಡಿ ಯಾವುದು ಎಷ್ಟಿದೆ ಎಂದು ಮೆಷಿನ್ನು ಹೇಳುತ್ತದೆ. ನಾನು ಚೀಟಿ ಬರೆದುಕೊಟ್ಟ ಮೇಲೆಯೇ ಮೇಸ್ತ್ರಿ ಎರಕ ಹೊಯ್ಯುವುದು. ಆದರೆ ಪ್ರತಿ ಪಾಳಿಯಲ್ಲೂ ಮೊದಲ ಬಿಲ್ಲೆ ಮುಟ್ಟುವ ಮುಂಚೆ ಸ್ಟ್ಯಾಂಡರ್ಡ್ ಬಿಲ್ಲೆಗೆ ಕಿಡಿ ಹೊಡೆಸಬೇಕು. ಅದರಲ್ಲಿ ಏನೆಷ್ಟಿದೆ ಅಂತ ಮೊದಲೇ ಗೊತ್ತು. ಮೆಷಿನ್ನು ಅದನ್ನು ಸರಿಯಾಗಿ ಓದಿದರೆ ಮಾತ್ರ ಉಳಿದದ್ದನ್ನು ನಂಬಬಹುದು. ಹತ್ತೊಂಬತ್ತು ವರ್ಷದಲ್ಲಿ ಒಂದು ಪಾಳಿಯೂ ನಾನು ಅದನ್ನು ಬಿಟ್ಟವಳಲ್ಲ.

ಈಗ ನೀನು ಹೇಳು. ಒಳಗಿನ ಮೋಡಕ್ಕೂ ಹೊರಗಿನ ಮೋಡಕ್ಕೂ ನಿನ್ನ ಸ್ಟ್ಯಾಂಡರ್ಡ್ ಒಂದೇನಾ?

ಇಲ್ಲಿ ಎಲ್ಲ ಮಾಮೂಲು. ನಾವು ಎರಕ ಹೊಯ್ದು ಕಳಿಸಿದ್ದ ಕ್ರೇನಿನ ಗಾಲಿಯೊಂದು ಸೀಳಿತಂತೆ. ಖಾಲಿ ಅಂಗಳದಲ್ಲಿ ಬಿದ್ದದ್ದರಿಂದ ಯಾರಿಗೂ ಏನೂ ಆಗಿಲ್ಲ. ವಿಚಾರಣೆ ಮಾಡುತ್ತಿದ್ದಾರೆ. ಲ್ಯಾಬಿಗೂ ಅದಕ್ಕೂ ಏನೂ ಸಂಬಂಧವಿಲ್ಲ.

ತೋಳನ್ನು ಮಡಚಿಕೊಂಡು ಹಾಕಿಕೋ. ಅಷ್ಟೂ ಹೇಳಿಕೊಡಬೇಕಾ?

ಅಕ್ಕ


ಜನವರಿ 31

ಅಕ್ಕಾ,

ನೀನು ಒಂದು ಸಾಲು ಬರೆದು ನಿಶ್ಚಿಂತೆಯಾಗಿದ್ದೀಯ. ಇಲ್ಲಿ ನನಗೆ ಅನ್ನ ಸೇರುತ್ತಿಲ್ಲ.

ಸ್ಟ್ಯಾಂಡರ್ಡ್ ಒಂದೇ ಅಲ್ಲ. ಅಂಚಿನ ಮೋಡಗಳ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದರೆ ಒಂದು ಮಬ್ಬು ಗೆರೆ ಕಾಣುತ್ತದೆ. ಅದರಿಂದ ಮೋಡದ ಬಿಸಿ ತಿಳಿಯುತ್ತದೆ, ಬಿಸಿ ತಿಳಿದರೆ ಆಮ್ಲಜನಕ ಎಷ್ಟೆಂದು ನೇರ ಲೆಕ್ಕ ಹಾಕಬಹುದು. ಒಳಗಿನ ಮೋಡಗಳಲ್ಲಿ ಆ ಗೆರೆ ಕಣ್ಣಿಗೇ ಬೀಳುವುದಿಲ್ಲ. ಅಲ್ಲಿ ಬೇರೆ ದಪ್ಪ ಗೆರೆಗಳನ್ನು ಹಿಡಿದು ಒಂದು ಅಂದಾಜು ಸೂತ್ರಕ್ಕೆ ಹಾಕಿದೆ. ಎಲ್ಲರೂ ಹೀಗೇ ಮಾಡುತ್ತಾರೆ. ಆದರೆ ಒಂದು ಲೆಕ್ಕ ಮುಗಿದು ಇನ್ನೊಂದು ಲೆಕ್ಕ ಶುರುವಾಗುವ ಜಾಗ ಇದೆಯಲ್ಲ, ನನ್ನ ಮೆಟ್ಟಿಲು ಅಲ್ಲೇ ಇದೆ. ಸರಿಯಾಗಿ ಅಲ್ಲೇ!

ನಡುವೆ ಹದಿನಾಲ್ಕು ಮೋಡಗಳಿವೆ. ಅವನ್ನು ಎರಡೂ ರೀತಿಯಲ್ಲಿ ಅಳೆಯಬಹುದು. ಎರಡೂ ಉತ್ತರ ಒಂದೇ ಬಂದರೆ ಮೆಟ್ಟಿಲು ನಿಜ. ನಾಲ್ಕು ದಿನದ ಕೆಲಸ. ನಾನಿನ್ನೂ ಕೈ ಹಚ್ಚಿಲ್ಲ. ಕೂತ ತಕ್ಷಣ ಎದ್ದು ಟೀ ಮಾಡಿಕೊಳ್ಳುತ್ತೇನೆ. ಇವತ್ತು ಆರನೆಯ ಟೀ.

ಸರ್ ಬೆಳಿಗ್ಗೆ ನನ್ನ ಬಾಗಿಲಲ್ಲಿ ನಿಂತು "ಏನಮ್ಮ, ನಮ್ಮ ಮೆಟ್ಟಿಲು ಹೇಗಿದೆ?" ಅಂದರು, ಮೊಮ್ಮಗುವನ್ನು ವಿಚಾರಿಸುವ ಹಾಗೆ. "ಚೆನ್ನಾಗಿದೆ ಸರ್" ಅಂದೆ. ಅವರಿಗೆ ಅರವತ್ತನಾಲ್ಕು ವರ್ಷ. ಈ ಸಭೆಯಾದ ಮೇಲೆ ನಿವೃತ್ತಿ.

ಸಭೆ ಮುಗಿದ ಮೇಲೆ ಅಳೆದರೆ ಏನಾಗುತ್ತದೆ? ಪ್ರಪಂಚ ಮುಳುಗುವುದಿಲ್ಲವಲ್ಲ? ನೀನೇ ಹೇಳು. ನೀನು ಹೇಳಿದ ಹಾಗೆ ಮಾಡುತ್ತೇನೆ.

ಗುಬ್ಬಿ


ಫೆಬ್ರವರಿ 8

ಗುಬ್ಬೀ,

ಅಳೆ. ಈಗಲೇ ಅಳೆ. ತಡ ಮಾಡಿದಷ್ಟೂ ಬಾಯಿ ಕಟ್ಟುತ್ತದೆ. ಆಮೇಲೆ ಹೇಳಬೇಕೆಂದರೂ ಮಾತು ಹೊರಡುವುದಿಲ್ಲ.

ಫರ್ನೇಸ್ ಮೇಸ್ತ್ರಿಯನ್ನು ಮೊನ್ನೆ ಕೆಲಸದಿಂದ ನಿಲ್ಲಿಸಿದರು. ಸೀಳಿದ ಗಾಲಿಯಲ್ಲಿ ರಂಜಕ ಜಾಸ್ತಿಯಿತ್ತಂತೆ. ರಂಜಕ ಹೆಚ್ಚಾದರೆ ಉಕ್ಕು ಗಾಜಿನ ಹಾಗೆ ಒಡೆಯುತ್ತದೆ. ನನ್ನ ಚೀಟಿಯಲ್ಲಿ ಸರಿಯಿದೆ, ಗಾಲಿಯಲ್ಲಿ ಹೆಚ್ಚಿದೆ. ಹಾಗಾಗಿ ಚೀಟಿ ಬಂದ ಮೇಲೆ ಅವರು ಕದ್ದುಮುಚ್ಚಿ ಇನ್ನಷ್ಟು ಗುಜರಿ ಸುರಿದರು ಎಂದು ತೀರ್ಮಾನ ಮಾಡಿದ್ದಾರೆ. ಇಪ್ಪತ್ತಾರು ವರ್ಷ ದುಡಿದ ಮನುಷ್ಯ. ಇದರ ಬಗ್ಗೆ ಹೆಚ್ಚು ಕೇಳಬೇಡ.

ಅಕ್ಕ


ಫೆಬ್ರವರಿ 15

ಅಕ್ಕಾ,

ನಿನಗೆ ನನ್ನ ಮೇಲೆ ಸಿಟ್ಟು ಬಂದಿದೆ. ತೋಳಿನ ಬಗ್ಗೆ ಒಂದು ಬೈಗುಳವೂ ಇಲ್ಲ, ಊಟದ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಅಳೆಯುವುದನ್ನು ಮುಂದೂಡುತ್ತೀನಿ ಅಂದದ್ದಕ್ಕೆ ನಾಚಿಕೆಯಾಯಿತಾ ನಿನಗೆ? ಆಗಬೇಕಾದ್ದೇ.

ಅಳೆದೆ. ಹದಿನಾಲ್ಕಕ್ಕೆ ಹದಿನಾಲ್ಕೂ. ಅಂದಾಜು ಸೂತ್ರ ಪ್ರತಿಯೊಂದು ಮೋಡದಲ್ಲೂ ಆಮ್ಲಜನಕವನ್ನು ಹೆಚ್ಚು ತೋರಿಸುತ್ತದೆ. ಎಷ್ಟು ಹೆಚ್ಚು ಗೊತ್ತಾ? ಮೆಟ್ಟಿಲಿನ ಎತ್ತರದಷ್ಟೇ. ಅದನ್ನು ಕಳೆದು ಮತ್ತೆ ಚಿತ್ರ ಬರೆದರೆ ಮೆಟ್ಟಿಲಿಲ್ಲ, ಸುಣ್ಣವಿಲ್ಲ, ಮುನ್ನೂರು ಕೋಟಿ ವರ್ಷದ ಹಿಂದೆ ಬಂದವರು ಯಾರೂ ಇಲ್ಲ. ಬರೀ ಇಳಿಜಾರು. ಎಲ್ಲ ಗ್ಯಾಲಕ್ಸಿಗಳಲ್ಲೂ ಇರುವಂಥದ್ದು.

ಕುರ್ಚಿಯ ಮೇಲೆ ಕೂತು ಜೋರಾಗಿ ಅತ್ತೆ. ಪಕ್ಕದ ಕೋಣೆಯವಳು ಯಾರೋ ತೀರಿಕೊಂಡರು ಅಂದುಕೊಂಡು ಓಡಿ ಬಂದಳು. ಸರ್‌ಗೆ ಹೇಳಿಲ್ಲ. ಚಿತ್ರವನ್ನು ಹಾಸಿಗೆಯ ಕೆಳಗೆ ಇಟ್ಟಿದ್ದೇನೆ. ಯಾರಾದರೂ ಬಾಗಿಲು ತಟ್ಟಿದರೆ ಹಾಸಿಗೆ ಸರಿಯಾಗಿದೆಯಾ ಎಂದು ನೋಡಿಯೇ ತೆಗೆಯುತ್ತೇನೆ.

ಮೇಸ್ತ್ರಿ ವಿಷಯ ಓದಿದೆ. ಪಾಪ ಅಂತ ಕರಗಬೇಡ ಅಕ್ಕ. ನಿನ್ನ ಚೀಟಿ ಸರಿಯಿತ್ತು ಅಂದ ಮೇಲೆ ಅವರು ಏನೋ ಮಾಡಿರಲೇಬೇಕಲ್ಲ. ನಿನ್ನ ಹಾಗೆ ಎಲ್ಲರೂ ಕಟ್ಟುನಿಟ್ಟಾಗಿರುತ್ತಾರಾ?

ಗುಬ್ಬಿ


ಮಾರ್ಚ್ 1

ಅಕ್ಕಾ,

ಎರಡು ಬುಧವಾರ ಜೀಪು ಬಂತು. ಎರಡು ಸಲವೂ ಹೂಕೋಸು ಬಂತು, ನಿನ್ನ ಕಾಗದ ಬರಲಿಲ್ಲ. ಹುಷಾರಿಲ್ಲವಾ? ಅಥವಾ ಹೇಳುವವರೆಗೂ ಇವಳ ಜೊತೆ ಮಾತಿಲ್ಲ ಎಂದು ಕೂತಿದ್ದೀಯಾ? ನಾನು ಚಿಕ್ಕವಳಿದ್ದಾಗ ನೀನು ಹಾಗೇ ಮಾಡುತ್ತಿದ್ದೆ. ಸುಮ್ಮನಿದ್ದೇ ನನ್ನಿಂದ ಎಲ್ಲ ಕಕ್ಕಿಸುತ್ತಿದ್ದೆ.

ಹೇಳಿದೆ. ಮೊನ್ನೆ ಬೆಳಿಗ್ಗೆ ಹತ್ತು ಗಂಟೆಗೆ.

ಸರ್ ಗೋಡೆಗೆ ಚಿತ್ರ ಅಂಟಿಸಿಕೊಂಡು ಸಭೆಯ ಭಾಷಣ ಅಭ್ಯಾಸ ಮಾಡುತ್ತಿದ್ದರು. ಕೋಲಿನ ತುದಿ ಮೆಟ್ಟಿಲ ಮೇಲೇ ಇತ್ತು.

"ಸರ್, ಅದು ಇಲ್ಲ" ಅಂದೆ.

"ಯಾವುದಿಲ್ಲ?"

"ಮೆಟ್ಟಿಲು."

ನನ್ನ ಹೊಸ ಚಿತ್ರವನ್ನು ಮೇಜಿನ ಮೇಲಿಟ್ಟೆ. ಕನ್ನಡಕ ಏರಿಸಿ ನೋಡಿದರು.

"ಎಷ್ಟು ಮೋಡ?"

"ಹದಿನಾಲ್ಕು ಸರ್."

"ಹದಿನಾಲ್ಕರಲ್ಲಿ ಏನು ಗೊತ್ತಾಗುತ್ತೆ?" ಗದರಿಸಿದರು. ನಾಲ್ಕು ವರ್ಷದಲ್ಲಿ ಅವರು ನನ್ನನ್ನು ಗದರಿಸಿದ್ದು ಅದೇ ಮೊದಲು.

"ನನಗೆ ಗೊತ್ತಾಯ್ತು ಸರ್."

"ಹೀಗೆ ನೋಡು ಅಂತ ನಿನಗ್ಯಾರು ಹೇಳಿದ್ರು?"

"ನಮ್ಮಕ್ಕ ಸರ್. ಫೌಂಡ್ರಿ ಲ್ಯಾಬಲ್ಲಿದ್ದಾಳೆ. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ಸ್ಟ್ಯಾಂಡರ್ಡ್ ನೋಡದೆ ಚೀಟಿ ಕೊಟ್ಟಿಲ್ಲ."

"ಫೌಂಡ್ರಿ" ಅಂದರು. ಕೋಲನ್ನು ಮೂಲೆಗೆ ಒರಗಿಸಿ ಕೂತರು. "ಮೂವತ್ತು ವರ್ಷ ನಾನು ಕೇಳ್ಕೊಳ್ಳದೇ ಇದ್ದ ಪ್ರಶ್ನೆ. ಹೋಗಮ್ಮ. ಹೋಗ್ತಾ ಬಾಗಿಲು ಹಾಕ್ಕೊಂಡು ಹೋಗು."

ಸಂಜೆಗೆ ಸಭೆಯಿಂದ ಹೆಸರು ಹಿಂದೆ ತೆಗೆದುಕೊಂಡರಂತೆ. ನನ್ನ ಜೊತೆ ಮಾತಾಡಿಲ್ಲ. ಜೂನ್ ಕೊನೆಗೆ ಕೋಣೆ ಬಿಡಬೇಕೆಂದು ಆಫೀಸಿನವರು ಹೇಳಿದ್ದಾರೆ.

ಅವರ ಬಾಗಿಲ ಮುಂದೆ ನಿಂತಾಗ ಕಾಲು ಹಿಂದಕ್ಕೇ ಎಳೆಯುತ್ತಿತ್ತು. ನಿನ್ನ ಆ ಹತ್ತೊಂಬತ್ತು ವರ್ಷ ನೆನೆಸಿಕೊಂಡೇ ಒಳಗೆ ಹೋದದ್ದು. ಈಗಲಾದರೂ ಬರೆ.

ಗುಬ್ಬಿ


ಮಾರ್ಚ್ 9

ಗುಬ್ಬೀ,

ಈ ಕಾಗದವನ್ನು ಮೂರು ಸಲ ಬರೆದು ಹರಿದಿದ್ದೇನೆ. ಇದು ನಾಲ್ಕನೆಯದು. ಕಳಿಸುತ್ತೇನೆ.

ಹತ್ತೊಂಬತ್ತು ವರ್ಷದಲ್ಲಿ ಒಂದು ಪಾಳಿಯೂ ಬಿಟ್ಟಿಲ್ಲ ಎಂದು ಬರೆದೆನಲ್ಲ, ಅದು ಸುಳ್ಳು.

ಸ್ಟ್ಯಾಂಡರ್ಡ್ ನೋಡಲು ಇಪ್ಪತ್ತು ನಿಮಿಷ ಬೇಕು. ಅಷ್ಟರಲ್ಲಿ ಫರ್ನೇಸು ಕಾಯುತ್ತದೆ, ಕರೆಂಟು ಉರಿಯುತ್ತದೆ, ಎಲ್ಲರೂ ಲ್ಯಾಬಿನ ಕಿಟಕಿಯ ಕಡೆ ನೋಡುತ್ತಾರೆ. ಮೆಷಿನ್ನು ಯಾವತ್ತೂ ತಪ್ಪು ತೋರಿಸಿರಲಿಲ್ಲ. ಒಂದು ದಿನ ಬಿಟ್ಟೆ, ಏನೂ ಆಗಲಿಲ್ಲ. ಆಮೇಲೆ ವಾರಕ್ಕೊಂದು ದಿನ, ವಾರಕ್ಕೆ ಮೂರು ದಿನ. ಎರಡು ವರ್ಷದಿಂದ ಹೀಗೇ. ರಿಜಿಸ್ಟರಿನಲ್ಲಿ ಮಾತ್ರ ದಿನಾ 'ನೋಡಲಾಗಿದೆ' ಎಂದು ಬರೆದು ಸಹಿ. ಕೈ ತಾನಾಗಿ ಬರೆಯುತ್ತಿತ್ತು.

ಗಾಲಿ ಸೀಳಿದ ಸುದ್ದಿ ಬಂದ ದಿನ ಬಾಗಿಲು ಹಾಕಿಕೊಂಡು ಸ್ಟ್ಯಾಂಡರ್ಡ್ ಇಟ್ಟು ನೋಡಿದೆ. ಮೆಷಿನ್ನು ರಂಜಕವನ್ನು ಅರ್ಧಕ್ಕರ್ಧ ಕಡಿಮೆ ತೋರಿಸುತ್ತಿತ್ತು. ಒಳಗಿನ ಗಾಜಿಗೆ ಕೊಳೆ ಹಿಡಿದಿತ್ತು. ಒರೆಸಿದೆ. ಸರಿಯಾಯಿತು. ಯಾರಿಗೂ ಹೇಳಲಿಲ್ಲ. ಅದರ ಮರುದಿನವೇ ಕೂತು ನಿನಗೆ ಆ ಕಾಗದ ಬರೆದದ್ದು. ಸ್ಟ್ಯಾಂಡರ್ಡ್ ಒಂದೇನಾ ಅಂತ ನಿನ್ನನ್ನು ಕೇಳಿದ್ದು ಬುದ್ಧಿವಂತಿಕೆಯಿಂದಲ್ಲ, ಹೆದರಿಕೆಯಿಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವಳು ನಾನು.

ಮೇಸ್ತ್ರಿ ಏನೂ ಸುರಿದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು, ನಾನು ಪಕ್ಕದಲ್ಲಿ ನಿಂತು ನೋಡಿದೆ. ವಿಚಾರಣೆಯಲ್ಲಿ ಮ್ಯಾನೇಜರು "ಸ್ಟ್ಯಾಂಡರ್ಡ್ ನೋಡಿದ್ರಾ ಮೇಡಂ?" ಅಂದರು. ರಿಜಿಸ್ಟರ್ ತೆರೆದು ಸಹಿ ತೋರಿಸಿದೆ. ಬಾಯಿಬಿಟ್ಟು ಹೌದು ಅನ್ನಲಿಲ್ಲ. ಸುಳ್ಳು ಹೇಳಿಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಥೂ.

ನೀನು ನನ್ನ ಮೇಲೆ ನಂಬಿಕೆಯಿಟ್ಟು ಆ ಬಾಗಿಲೊಳಗೆ ಹೋದೆ. ಅದನ್ನು ಓದಿದ ಮೇಲೆ ನನಗೆ ಊಟ ಸೇರುತ್ತಿಲ್ಲ. ಹೇಳಿದರೆ ಲ್ಯಾಬು ಹೋಗುತ್ತದೆ, ನನಗೆ ಬೇರೆ ಯಾವ ಕೆಲಸವೂ ಬರುವುದಿಲ್ಲ. ಇಷ್ಟು ತಡವಾದ ಮೇಲೆ ಯಾವ ಮುಖ ಹೊತ್ತು ಹೇಳಲಿ? ನನಗೆ ಭಯವಾಗುತ್ತಿದೆ ಗುಬ್ಬೀ.

ಅಕ್ಕ


ಮಾರ್ಚ್ 17

ಅಕ್ಕಾ,

ಹೇಳೋದು ಆಚಾರ, ತಿನ್ನೋದು ಬದನೆಕಾಯಿ! ಕಾಗದ ಓದಿ ಅದನ್ನು ಮುದುರಿ ಎಸೆದೆ. ಆಮೇಲೆ ಮತ್ತೆ ಎತ್ತಿ ಬಿಡಿಸಿ ಓದಿದೆ. ನಿನ್ನ ಹೆಸರನ್ನು ನಾನು ಸರ್ ಮುಂದೆ ಎಷ್ಟು ಜಂಬದಿಂದ ಹೇಳಿದೆ ಗೊತ್ತಾ? ನೀನು ಆ ಒಂದು ಸಾಲು ಬರೆಯದೇ ಇದ್ದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಸರ್ ಈಗ ಸಭೆಗೆ ಪೆಟ್ಟಿಗೆ ತುಂಬುತ್ತಿರುತ್ತಿದ್ದರು. ಎರಡು ದಿನ ನಿನ್ನ ಮೇಲೆ ಕೆಂಡ ಕಾರಿದೆ.

ಮೂರನೆಯ ದಿನ ಚಿತ್ರವನ್ನು ತೆಗೆದು ನೋಡಿದೆ. ನೀನು ಸುಳ್ಳು ಹೇಳಿದ್ದೆ, ನಿಜ. ಆದರೆ ಮೆಟ್ಟಿಲೂ ಸುಳ್ಳೇ ಆಗಿತ್ತು. ನೀನು ಎಂಥವಳೇ ಆಗಿರು, ಆ ಹದಿನಾಲ್ಕು ಮೋಡಗಳ ಲೆಕ್ಕ ಬದಲಾಗುವುದಿಲ್ಲ. ಹಾಗಂತ ನಿನ್ನ ಮೇಲಿನ ಸಿಟ್ಟು ಹೋಗಿದೆ ಅಂದುಕೊಳ್ಳಬೇಡ.

ನಿನ್ನೆ ಸರ್ ಒಂದು ಚೀಟಿ ಕಳಿಸಿದ್ದರು. "ಹದಿನಾಲ್ಕು ಸಾಲದು. ನಲವತ್ತು ಮೋಡ ಅಳೆ. ಹಳೆಯ ನಕ್ಷತ್ರಗಳನ್ನೂ ಅಳೆದು ಮೊದಲಿನ ಇಳಿಜಾರು ಎಷ್ಟು ಕಡಿದಾಗಿತ್ತು ನೋಡು" ಅಂತಷ್ಟೇ. ಕೆಲಸ ಉಳಿಯುತ್ತದೆ ಎಂದೇನೂ ಇಲ್ಲ. ಅಳೆಯುತ್ತಿದ್ದೇನೆ.

ಈಗ ನಿನ್ನ ವಿಷಯ. ನೀನು ನನಗೆ ತಪ್ಪೊಪ್ಪಿಕೊಂಡೆ. ನಾನ್ಯಾರು ಅದಕ್ಕೆ? ಮೇಸ್ತ್ರಿ ಮನೆಯಲ್ಲಿ ಕೂತಿದ್ದಾರೆ. ಮ್ಯಾನೇಜರಿಗೆ ಬರೆದುಕೊಡು. ಅದಷ್ಟೇ ಸಾಲದು, ಅವರ ಮನೆಗೂ ಹೋಗು. ನನಗೆ ಬರೆಯುವ ಮೊದಲು ಹೋಗು. ಹೋಗದೆ ಬರೆದರೆ ನಾನು ಕವರು ಒಡೆಯುವುದಿಲ್ಲ.

ಗುಬ್ಬಿ


ಮಾರ್ಚ್ 26

ಗುಬ್ಬೀ,

ಕವರು ಒಡೆಯಬಹುದು. ಹೋಗಿ ಬಂದಿದ್ದೇನೆ.

ಮೊದಲು ಮ್ಯಾನೇಜರ ಹತ್ತಿರ ಹೋದೆ. ಒಂದೂವರೆ ಪುಟ ಬರೆದಿದ್ದೆ. ಅವರು ಓದಿ, ಎದ್ದು ಬಾಗಿಲು ಹಾಕಿ, "ಮುಗಿದ ವಿಚಾರ. ಯಾಕ್ ಮೇಡಂ ಸುಮ್ನೆ ಮೈಮೇಲೆ ಎಳ್ಕೊಳ್ತೀರಾ? ಇದನ್ನ ನಾನು ನೋಡೇ ಇಲ್ಲ" ಎಂದು ಕಾಗದ ನನ್ನ ಕಡೆಗೇ ತಳ್ಳಿದರು. ಒಂದು ಕ್ಷಣ, ನಿನಗೆ ಸುಳ್ಳು ಹೇಳಲಾರೆ, ಆ ಕಾಗದ ಮಡಚಿ ಚೀಲಕ್ಕೆ ಹಾಕಿಕೊಳ್ಳೋಣ ಅನ್ನಿಸಿತು. "ಇನ್ನೊಂದು ಪ್ರತಿ ಗಾಲಿ ಕೊಂಡಿದ್ದ ಕ್ರೇನಿನವರಿಗೆ ರಿಜಿಸ್ಟರ್ಡ್ ಪೋಸ್ಟ್ ಮಾಡಿ ಬಂದಿದ್ದೀನಿ ಸರ್" ಅಂದೆ. ಅವರ ಮುಖ ಬಿಳಿಚಿತು. ಹೇಳಿದ್ದು ನಿಜವೇ. ಬೆಳಿಗ್ಗೆಯೇ ಪೋಸ್ಟಾಫೀಸಿಗೆ ಹೋಗಿದ್ದೆ, ನನ್ನ ಮೇಲೆ ನನಗೇ ನಂಬಿಕೆಯಿಲ್ಲದೆ.

ನನ್ನನ್ನು ಲ್ಯಾಬಿನಿಂದ ತೆಗೆದರು. ಮುಂದೇನೆಂದು ಇನ್ನೂ ಹೇಳಿಲ್ಲ. ಮೇಸ್ತ್ರಿಯನ್ನು ವಾಪಸು ಕರೆಸುವ ಆದೇಶ ನಿನ್ನೆ ಟೈಪಾಯಿತು. ಅದು ಅಂಚೆಯಲ್ಲಿ ಹೋಗುವ ಮೊದಲು ನಾನೇ ಹೇಳಬೇಕೆಂದು ಅವರ ಮನೆಗೆ ಹೋದೆ.

ಬಟ್ಟೆ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ. ಬಾಗಿಲು ತೆರೆದವರು ಅವರೇ. ನನ್ನನ್ನು ನೋಡಿ ಪಕ್ಕಕ್ಕೆ ಸರಿದು ನಿಂತರು. ಕುರ್ಚಿ ಕೊಟ್ಟರು. ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ಅವರು ನೆಲ ನೋಡಿಕೊಂಡು ಕೇಳಿದರು.

"ಗೊತ್ತಿತ್ತು ಮೇಡಂ" ಅಂದರು.

ನನಗೆ ಅರ್ಥವಾಗಲಿಲ್ಲ. ಏನು ಗೊತ್ತಿತ್ತು?

"ಪಾಳಿಯ ಮೊದಲ ಚೀಟಿ ಐದು ನಿಮಿಷಕ್ಕೆ ಬಂತು ಅಂದ್ರೆ ನೀವು ಸ್ಟ್ಯಾಂಡರ್ಡ್ ನೋಡಿಲ್ಲ ಅಂತಾನೇ ಲೆಕ್ಕ. ಫರ್ನೇಸ್ ಹತ್ರ ಇರೋರಿಗೆಲ್ಲ ಗೊತ್ತು. ನಮಗೂ ಬೇಗ ಚೀಟಿ ಬೇಕಿತ್ತು, ಸುಮ್ನಿದ್ವಿ. ಅದು ನಮ್ಮ ತಪ್ಪು."

"ಮತ್ತೆ ವಿಚಾರಣೆಯಲ್ಲಿ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಯಾರು ನಂಬ್ತಿದ್ರು? ಕೆಲಸ ಉಳಿಸ್ಕೊಳ್ಳೋಕೆ ಮೇಡಂ ಮೇಲೆ ಹಾಕ್ತಾನೆ ಅಂತಿದ್ರು. ನಿಮ್ಮ ಹತ್ರ ರಿಜಿಸ್ಟರ್ ಇತ್ತು. ನನ್ನ ಹತ್ರ ಏನಿತ್ತು?" ಸಿಟ್ಟಿನಿಂದಲ್ಲ, ಬೆಲೆ ಹೇಳುವ ಹಾಗೆ ಹೇಳಿದರು. "ನೀವೇ ಹೇಳ್ತೀರಿ ಅಂದ್ಕೊಂಡಿದ್ದೆ. ಇಷ್ಟು ದಿನ ಆಗುತ್ತೆ ಅಂದ್ಕೊಂಡಿರ್ಲಿಲ್ಲ."

ಬರುತ್ತೇನೆಂದು ಹೊರಟೆ. ಅವರ ಹೆಂಡತಿ ಮೆಟ್ಟಿಲಿನವರೆಗೆ ಬಂದರು. ಬೈಯುತ್ತಾರೆ ಅಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ತಗ್ಗಿದ ದನಿಯಲ್ಲಿ ಹೇಳಿದರು:

"ಒಂದೂವರೆ ತಿಂಗಳಿಂದ ಯಾರು ಬಾಗಿಲು ತಟ್ಟಿದ್ರೂ ನನ್ನ ತೆಗೆಯೋಕೆ ಬಿಡ್ತಿರ್ಲಿಲ್ಲ ಇವರು. ಲ್ಯಾಬ್ ಮೇಡಂ ಬಂದಿರ್ತಾರೆ ಅಂತ ಶರ್ಟ್ ಹಾಕ್ಕೊಂಡು ತಾವೇ ಎದ್ದು ಹೋಗ್ತಿದ್ರು."

ಅಕ್ಕ